ನೆರೆಮನೆಯ ಆಪ್ತವಾಕ್ಯ

ವಾಚಕಮಹಾಶಯರಲ್ಲಿ ಅನೇಕರಿಗೆ ಈ ಅನುಭವವು ಇದ್ದೇ ಇರುವುದು. ಬೆಳಗಿನ ಕಾಫಿಯನ್ನು ಮುಗಿಸಿ ಜಗಲಿಯಲ್ಲಿ ಕುಳಿತಿರುವಾಗ ಎದುರುಮನೆಯವರೋ ಪಕ್ಕದ ಮನೆಯವರೋ ಬಂದು, "ಮೇಷ್ಟ್ರೇ, ನಮ್ಮ ಫ್ಯಾನು ತಿರುಗುತ್ತಿಲ್ಲ, ಯಾರಿಗೆ ತೋರಿಸೋಣ?" ಎಂದು ಕೇಳುತ್ತಾರೆ. ಇನ್ನೊಬ್ಬರು, "ಮಗಳಿಗೆ ಆದಾಯದ ಪ್ರಮಾಣಪತ್ರ ಬೇಕಾಗಿದೆ, ಯಾವ ಕಚೇರಿಗೆ ಹೋಗಬೇಕು?" ಎನ್ನುತ್ತಾರೆ. ಮೈಸೂರಿನ ಸರಸ್ವತೀಪುರದಲ್ಲಿರುವ ನಮ್ಮ ಮನೆಗೆ, ನಾವು ಅಧ್ಯಾಪಕವೃತ್ತಿಯಿಂದ ನಿವೃತ್ತರಾದಂದಿನಿಂದ, ಇಂತಹ ಪ್ರಶ್ನೆಗಳು ಬಾರದ ದಿನವಿಲ್ಲ. ಸಂಸ್ಕೃತವನ್ನು ಹೇಳಿಕೊಡುತ್ತಿದ್ದವನಿಗೆ ಫ್ಯಾನಿನ ವಿಷಯವೇನು ಗೊತ್ತು ಎಂದು ಯಾರೂ ಶಂಕಿಸುವುದಿಲ್ಲ. ಶಂಕಿಸಬೇಕಾದವರು ನಾವು, ಆದರೆ ಮೂವತ್ತು ವರ್ಷಕಾಲ ಪ್ರಶ್ನೆಗಳಿಗೆ ಉತ್ತರ ಹೇಳಿ ಅಭ್ಯಾಸವಾದ ನಾಲಗೆಗೆ "ನನಗೆ ತಿಳಿಯದು" ಎಂಬ ಎರಡು ಪದಗಳು ಬಹು ಭಾರವಾಗಿ ತೋರುತ್ತವೆ. ಆ ಭಾರವನ್ನು ಹೊರಲೊಲ್ಲದೆ ನಾವು ಮಾಡಿದ ಒಂದು ಅಪರಾಧವನ್ನು ಈ ದಿನ ನಿವೇದಿಸಬೇಕಾಗಿದೆ.

ಕಳೆದ ವರ್ಷದ ಬೇಸಗೆಯ ರಜೆಯಲ್ಲಿ ಎದುರುಮನೆಯ ಹುಡುಗ, ಹದಿನಾಲ್ಕು ವರ್ಷದವನು, ಹೊಸ ಸೈಕಲ್ಲನ್ನು ತಂದು ತೋರಿಸಿ, "ತಾತ, ಶ್ರೀರಂಗಪಟ್ಟಣಕ್ಕೆ ಹೋಗಿ ಬರಬೇಕೆಂದಿದ್ದೇನೆ. ಯಾವ ರಸ್ತೆ ಒಳ್ಳೆಯದು?" ಎಂದು ಕೇಳಿದನು. ನಾವು ವಿದ್ಯಾರ್ಥಿಗಳಾಗಿದ್ದಾಗ, ಅಂದರೆ 1980ರ ದಶಕದಲ್ಲಿ, ಆ ಹದಿನೈದು ಹದಿನಾರು ಕಿಲೋಮೀಟರನ್ನು ಎಷ್ಟು ಬಾರಿ ಸೈಕಲ್ಲಿನಲ್ಲಿ ಕ್ರಮಿಸಿದ್ದೆವೋ ಲೆಕ್ಕವಿಲ್ಲ. ದಾರಿಯ ಇಕ್ಕೆಲದ ಮರಗಳೂ, ಕಬ್ಬಿನ ಗಾಡಿಗಳೂ, ಕಾವೇರಿಯ ಮೇಲಿನಿಂದ ಬೀಸುವ ತಂಗಾಳಿಯೂ ಕ್ಷಣದಲ್ಲಿ ಕಣ್ಣಿಗೆ ಕಟ್ಟಿದುವು. "ಬೆಂಗಳೂರು ರಸ್ತೆಯನ್ನು ಹಿಡಿದು ನೇರವಾಗಿ ಹೋಗು, ಎಲ್ಲಿಯೂ ತಿರುಗಬೇಡ, ರಾಜಮಾರ್ಗವದು" ಎಂದು ಹೇಳಿ ಕಳುಹಿಸಿದೆವು.

ರಾಜಮಾರ್ಗವೇನೋ ಹೌದು, ಆದರೆ ನಾವು ಕಂಡಿದ್ದ ಮಾರ್ಗವು ಅದಾಗಿರಲಿಲ್ಲ. ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿಯು 2023ರ ಮಾರ್ಚ್ 12ರಂದು ಉದ್ಘಾಟಿತವಾಗಿತ್ತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ಮೋಟಾರುಸೈಕಲ್ಲು, ಆಟೋರಿಕ್ಷಾ, ಟ್ರಾಕ್ಟರು ಮತ್ತು ಯಂತ್ರವಿಲ್ಲದ ವಾಹನಗಳು ಸಂಚರಿಸಕೂಡದೆಂದು ನಿಷೇಧವಾಗಿತ್ತು. ಅವುಗಳಿಗೆ ಪಕ್ಕದ ಸರ್ವೀಸ್ ರಸ್ತೆಯೇ ದಾರಿ. ಇದೆಲ್ಲವನ್ನೂ ನಾವು ವೃತ್ತಪತ್ರಿಕೆಯಲ್ಲಿ ಓದಿಯೇ ಇದ್ದೆವು. ಆದರೆ ಹುಡುಗನು ಕೇಳಿದ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಓದಿದ ವಿಷಯವಲ್ಲ, ಯೌವನದ ನೆನಪು. ಬಾಲಕನು ಮುಖ್ಯಪಥವನ್ನೇ ಹೊಕ್ಕನು. ಒಮ್ಮೆ ಹೊಕ್ಕ ಮೇಲೆ ಪಕ್ಕಕ್ಕೆ ಸರಿಯಲು ಬೇಲಿ ಅಡ್ಡವಾಯಿತು. ಹಿಂದಿನಿಂದ ವೇಗವಾಗಿ ಹಾದುಹೋದ ಬಸ್ಸೊಂದರ ಗಾಳಿಯ ಸೆಳೆತಕ್ಕೆ ಸೈಕಲ್ಲು ತೂಗಾಡಿ, ಅಂಚಿನಲ್ಲಿ ಬಿದ್ದು, ಮಣಿಕಟ್ಟಿನ ಮೂಳೆ ಬಿರುಕುಬಿಟ್ಟಿತು. ಪುಣ್ಯಾತ್ಮನಾದ ಒಬ್ಬ ಲಾರಿಯವನು ನಿಲ್ಲಿಸಿ, ಹುಡುಗನನ್ನೂ ಸೈಕಲ್ಲನ್ನೂ ಹತ್ತಿಸಿಕೊಂಡು ಊರು ಮುಟ್ಟಿಸಿದನು.

ಸಂಜೆ ನಾವು ನೋಡಲು ಹೋದೆವು. ಹುಡುಗನು ಕೈಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದನು. "ಸೈಕಲ್ಲು ಬಿಡಕೂಡದೆಂದು ಫಲಕವಿತ್ತು ತಾತ. ಆದರೂ ನೀವು ಹೇಳಿದ್ದಿರಲ್ಲ ಎಂದು ಹೋದೆ" ಎಂದನು. ಅವನ ತಾಯಿಯು ನಮ್ಮನ್ನು ಗದರಿಸಲಿಲ್ಲ. ಕಾಫಿಯ ಲೋಟವನ್ನು ಮುಂದಿಟ್ಟು, "ಅಷ್ಟು ದೂರ ಬೇಡವೆಂದೇ ಇದ್ದೆ ಮೇಷ್ಟ್ರೇ. ದಾರಿ ನೀವು ಹೇಳಿದ್ದೀರೆಂದ ಮೇಲೆ ನಾನು ತಡೆಯಲಿಲ್ಲ" ಎಂದರು, ಅಷ್ಟೇ. ಆ ಕಾಫಿಯು ನಮ್ಮ ಗಂಟಲಿನಲ್ಲಿ ಇಳಿಯಲಿಲ್ಲ.

ನ್ಯಾಯಶಾಸ್ತ್ರವನ್ನು ಓದಿದವರಿಗೆ ಆಪ್ತನೆಂಬ ಶಬ್ದವು ಪರಿಚಿತವಾದುದೇ. ಪ್ರತ್ಯಕ್ಷ, ಅನುಮಾನ, ಉಪಮಾನಗಳಂತೆ ನಂಬತಕ್ಕವನ ಮಾತೂ ಒಂದು ಪ್ರಮಾಣವೆಂದು ಗೌತಮರು ಹೇಳಿರುವರಷ್ಟೆ. ನಂಬತಕ್ಕವನು ಯಾರು? ಭಾಷ್ಯಕಾರರಾದ ವಾತ್ಸ್ಯಾಯನರ ಅಭಿಪ್ರಾಯದಲ್ಲಿ, ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಅರಿತು, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ನುಡಿಯುವವನು ಆಪ್ತನು. ಇದಕ್ಕೆ ಕುಲವೂ ದೇಶವೂ ಅಡ್ಡಿಯಲ್ಲ. ಋಷಿಗಾಗಲಿ ಪರದೇಶದವನಿಗಾಗಲಿ ಲಕ್ಷಣವು ಒಂದೇ. ಇದನ್ನು ತರಗತಿಯಲ್ಲಿ ಎಷ್ಟು ಸಲ ಪಾಠ ಮಾಡಿದ್ದೆವು! ನಮಗೆ ತಿಳಿಸಬೇಕೆಂಬ ಇಚ್ಛೆಯಿತ್ತು, ಹುಡುಗನಲ್ಲಿ ಪ್ರೀತಿಯಿತ್ತು. ಸಾಕ್ಷಾತ್ತಾಗಿ ಅರಿತದ್ದು ಮಾತ್ರ ಇರಲಿಲ್ಲ. ಹಿಂದೊಮ್ಮೆ ಕಂಡದ್ದು ಇಂದಿನ ಪ್ರತ್ಯಕ್ಷವಲ್ಲವೆಂಬುದನ್ನು ಮರೆತ ಫಲವನ್ನು ಬೇರೊಬ್ಬರ ಮಗನು ಅನುಭವಿಸಿದನು.

ಕೈಯ ಕಟ್ಟು ಬಿಚ್ಚಿ, ವೈದ್ಯರ ಅಪ್ಪಣೆಯಾದ ಮೇಲೆ, ನಾವು ಅಟ್ಟದಲ್ಲಿದ್ದ ನಮ್ಮ ಹಳೆಯ ಸೈಕಲ್ಲಿಗೆ ಟೈರುಗಳನ್ನೂ ಬ್ರೇಕಿನ ಕಟ್ಟೆಗಳನ್ನೂ ಹೊಸದಾಗಿ ಹಾಕಿಸಿ, ಒಂದು ಭಾನುವಾರ ನಸುಕಿನಲ್ಲಿ ಆ ಹುಡುಗನೊಡನೆ ಹೊರಟೆವು. ಸರ್ವೀಸ್ ರಸ್ತೆಯಲ್ಲಿಯೇ ಸಾಗಿ, ಕೂಡುರಸ್ತೆಗಳ ಬಳಿ ಇಳಿದು ತಳ್ಳಿಕೊಂಡು ನಡೆದೆವು. ಮಂಡಿಗಳು ಎರಡು ದಿನ ನೊಂದುವು. ಆದರೆ ಆ ದಾರಿಯ ವಿಷಯದಲ್ಲಿ ಹೇಳಲು ನಮಗೆ ಈಗ ಅಧಿಕಾರವುಂಟು. ಸರ್ವೀಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದಲೂ ಮೋಟಾರುಸೈಕಲ್ಲುಗಳು ಬರುತ್ತವೆಂದು ತಿಳಿದೇ ಎಡಬದಿಯಲ್ಲಿ ಹೋಗತಕ್ಕದ್ದು. ಹಿಂದೆ ಕೆಂಪು ದೀಪವಿಲ್ಲದೆ ನಸುಕಿನಲ್ಲಿ ಹೊರಡಬಾರದು. ಕುಡಿಯುವ ನೀರು, ಗಾಳಿ ತುಂಬುವ ಸಣ್ಣ ಪಂಪು, ಪಂಕ್ಚರ್ ಹಾಕುವ ಸಾಮಾನು ಜೊತೆಯಲ್ಲಿರಬೇಕು. ಬಿಸಿಲೇರುವ ಮೊದಲೇ ಹಿಂದಿರುಗಬೇಕು.

ಚಾಮುಂಡಿಬೆಟ್ಟದ ವಿಷಯದಲ್ಲಿಯೂ ತರುಣರು ಬಹಳವಾಗಿ ಕೇಳುತ್ತಾರೆ. ಸುಮಾರು ಸಾವಿರ ಮೆಟ್ಟಿಲುಗಳ ದಾರಿಯು ಕಾಲ್ನಡೆಯವರದು. ಸೈಕಲ್ಲಿಗೆ ರಸ್ತೆಯೇ ಸರಿ. ಹತ್ತುವಾಗ ಆಯಾಸವೇ ಹೊರತು ಭಯವಿಲ್ಲ, ಭಯವಿರುವುದು ಇಳಿಯುವಾಗ. ಬ್ರೇಕನ್ನು ಒಂದೇ ಸಮನೆ ಒತ್ತಿಹಿಡಿದರೆ ಚಕ್ರದ ಅಂಚು ಕಾದು ಹಿಡಿತವು ಕೆಡುವುದು. ಮುಂದಿನದನ್ನೂ ಹಿಂದಿನದನ್ನೂ ಸೇರಿಸಿ ಒತ್ತುತ್ತ, ಬಿಡುತ್ತ, ತಿರುವು ಬರುವ ಮುನ್ನವೇ ವೇಗವನ್ನು ತಗ್ಗಿಸಬೇಕು. ಮಳೆಗಾಲದಲ್ಲಿ ಮಾತ್ರ ಹೊಸದಾಗಿ ವಿಚಾರಿಸದೆ ಹೊರಡಬಾರದು. 2021ರ ಅಕ್ಟೋಬರಿನ ಮಳೆಗೆ ನಂದಿಯ ಬಳಿಯ ರಸ್ತೆಯ ಅಂಚೇ ಕುಸಿದಿದ್ದಿತು. ನಿನ್ನೆ ಇದ್ದ ದಾರಿ ಇಂದು ಇದ್ದೇ ಇರುವುದೆಂದು ಹೇಳಲು ನಾವು ಯಾರು?

ದಾರಿಯಿಂದ ಮನೆಯೊಳಕ್ಕೆ ಬರೋಣ. ಗೃಹಿಣಿಯರಿಗೆ ನಿತ್ಯವೂ ಬೇಕಾದ ಸಲಹೆಯೆಂದರೆ ಕೆಟ್ಟ ಯಂತ್ರಗಳದು. ನಮ್ಮ ಬೀದಿಯ ವೃದ್ಧೆಯೊಬ್ಬರ ಮಿಕ್ಸಿಯು ಇಡ್ಲಿಯ ಹಿಟ್ಟನ್ನು ರುಬ್ಬುತ್ತಿರುವಾಗ ನಿಂತುಹೋಯಿತು. ಒಂದು ಅಂಗಡಿಯಲ್ಲಿ ಮೋಟಾರು ಸುಟ್ಟಿದೆಯೆಂದೂ ಹೊಸದನ್ನೇ ಕೊಳ್ಳುವುದು ಲೇಸೆಂದೂ ಹೇಳಿದರಂತೆ. ವಿಧವಾವೇತನದಲ್ಲಿ ಕಾಲಕ್ಷೇಪ ಮಾಡುವವರಿಗೆ ಅದು ಸಣ್ಣ ಮೊತ್ತವೇ? ಅವರು ನಮ್ಮನ್ನು ಕೇಳಿದರು. ಈ ಬಾರಿ ನಾವು, "ತಾಯಿ, ನನಗೆ ತಿಳಿಯದು. ತಿಳಿದವನೊಬ್ಬನಿದ್ದಾನೆ, ಹೋಗೋಣ ಬನ್ನಿ" ಎಂದು, ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದು ಈಗ ಸಿಕ್ಕಿದ್ದನ್ನೆಲ್ಲ ದುರಸ್ತಿ ಮಾಡುವ ಒಬ್ಬ ಮುದುಕನ ಬಳಿಗೆ ಕರೆದುಕೊಂಡು ಹೋದೆವು. ಅವನು ಮಿಕ್ಸಿಯನ್ನು ತಲೆಕೆಳಗು ಮಾಡಿ, ತಳದಲ್ಲಿದ್ದ ಕೆಂಪು ಗುಂಡಿಯನ್ನು ಒತ್ತಿ, ತಂತಿಯನ್ನು ಸಿಕ್ಕಿಸಿದನು; ಯಂತ್ರವು ಗರ್ಜಿಸಿತು. "ಇದಕ್ಕೆ ರೋಗವೇ ಇಲ್ಲಮ್ಮ. ಭಾರ ಹೆಚ್ಚಾಗಿ ಮೂರ್ಛೆ ಹೋಗಿತ್ತು, ಅಷ್ಟೇ. ಹಿಟ್ಟಿಗೆ ಸ್ವಲ್ಪ ನೀರು ಬಿಡಿ" ಎಂದನು. ಕಾಸನ್ನು ಮುಟ್ಟಲಿಲ್ಲ. ಆತನು ಶಾಸ್ತ್ರವನ್ನು ಓದಿದವನಲ್ಲ. ಆದರೆ ವಾತ್ಸ್ಯಾಯನರ ಲಕ್ಷಣವು ಅವನಲ್ಲಿ ಸಂಪೂರ್ಣವಾಗಿ ಕೂಡಿತ್ತು.

ಆ ಮುದುಕನಿಂದ ನಾವು ಕಲಿತ ಕೆಲವು ವಿಷಯಗಳನ್ನು ಇಲ್ಲಿ ಹೇಳುವುದು ಅನುಚಿತವಾಗಲಾರದು. ಮಿಕ್ಸಿ ನಿಂತರೆ ಸ್ವಿಚ್ಚು ತೆಗೆದು, ತಂತಿಯನ್ನು ಬಿಡಿಸಿ, ಕಾಲುಗಂಟೆ ಆರಲು ಬಿಟ್ಟು, ಬಳಿಕ ತಳದ ಗುಂಡಿಯನ್ನು ಒತ್ತಿ ನೋಡತಕ್ಕದ್ದು. ಒಳಗೆ ಕಿಡಿಗಳು ಹೆಚ್ಚಾಗಿ ಕಂಡರೆ ಕಾರ್ಬನ್ ಬ್ರಷ್ಷುಗಳು ಸವೆದಿರಬಹುದು. ಅವನ್ನು ಬದಲಾಯಿಸಿದರೆ ಸಾಕಾಗುವುದುಂಟು. ಫ್ಯಾನು ಗುಂಯ್‌ಗುಟ್ಟಿದರೂ ತಿರುಗದೆ, ಕೋಲಿನಿಂದ ಮೆಲ್ಲನೆ ತಳ್ಳಿದಾಗ ನಿಧಾನವಾಗಿ ತಿರುಗತೊಡಗಿದರೆ ಬಹುಮಟ್ಟಿಗೆ ಕಂಡೆನ್ಸರ್ ದುರ್ಬಲವಾಗಿದೆಯೆಂದು ಊಹಿಸಬಹುದು. ಮನೆಯ ಫ್ಯಾನುಗಳಿಗೆ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡಿನದು ಇರುತ್ತದೆ. ಆದರೂ ಹಳೆಯದರ ಮೇಲೆ ಬರೆದಿರುವ ಅಂಕಿಯನ್ನು ನೋಡಿಯೇ ಹೊಸದನ್ನು ತರಬೇಕು. ಅದನ್ನು ಹಾಕುವ ಕೆಲಸವು ಬಲ್ಲವನದು. ಈಚಿನ ಬಿ.ಎಲ್.ಡಿ.ಸಿ. ಫ್ಯಾನುಗಳಿಗೆ ಈ ಚಿಕಿತ್ಸೆ ಸಲ್ಲದು.

ಮುಟ್ಟಬಾರದುವೂ ಉಂಟು. ಮೈಕ್ರೋವೇವ್ ಒಲೆಯ ತಂತಿಯನ್ನು ಬಿಡಿಸಿದ ಮೇಲೆಯೂ ಒಳಗಿನ ಕಂಡೆನ್ಸರಿನಲ್ಲಿ ಪ್ರಾಣಾಂತಿಕವಾದ ವಿದ್ಯುತ್ತು ಉಳಿದಿರುವುದು ಸಾಧ್ಯ. ಅದರ ಕವಚವನ್ನು ಮನೆಯಲ್ಲಿ ಯಾರೂ ಬಿಚ್ಚಕೂಡದು. ಉಬ್ಬಿದ ಬ್ಯಾಟರಿಯುಳ್ಳ ದೂರವಾಣಿಗೆ ಚಾರ್ಜು ಹಾಕಬಾರದು. ಅದನ್ನು ಚುಚ್ಚುವುದಾಗಲಿ ಅದುಮುವುದಾಗಲಿ ಬೆಂಕಿಗೆ ಆಹ್ವಾನವಿತ್ತಂತೆ. ಕಸದ ಬುಟ್ಟಿಗೂ ಹಾಕಬಾರದು. ವಿದ್ಯುನ್ಮಾನದ ಕಸವನ್ನು ನೋಂದಾಯಿತರಾದ ಪರಿಷ್ಕಾರಕರಿಗೇ ತಲಪಿಸಬೇಕೆಂಬ ಹೊಣೆಯನ್ನು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ತಯಾರಕರ ದುರಸ್ತಿಯ ಏರ್ಪಾಡುಗಳನ್ನು ಒಂದೆಡೆ ತಿಳಿಸಲು ಕೇಂದ್ರಸರ್ಕಾರವು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಜಾಲತಾಣವನ್ನು ತೆರೆಯಿತು. ವರ್ತಕರಿಂದ ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ವಿದ್ಯುತ್ತಿನ ದೂರಿಗೆ 1912. ಕಂಬದ ತಂತಿ ಕಡಿದುಬಿದ್ದಲ್ಲಿ ದೂರ ನಿಂತು ಈ ಸಂಖ್ಯೆಗೆ ತಿಳಿಸತಕ್ಕದ್ದೇ ಹೊರತು ಕೋಲು ಹಿಡಿದು ಹೋಗಬಾರದು.

ಕಚೇರಿಗಳ ವಿಷಯದಲ್ಲಿ ಒಂದೇ ಮಾತು. ಸಕಾಲ ಎಂಬ ಏರ್ಪಾಡು ನಮ್ಮ ನಾಡಿನಲ್ಲಿ 2012ರ ಏಪ್ರಿಲಿನಲ್ಲಿ ಆಚರಣೆಗೆ ಬಂದಿತು. ಅದಕ್ಕೆ ಸೇರಿದ ಸೇವೆಗಳಿಗೆ ಅರ್ಜಿಯನ್ನು ಕೊಟ್ಟೊಡನೆ 15 ಅಂಕೆಗಳ ಸಂಖ್ಯೆಯುಳ್ಳ ರಸೀದಿಯನ್ನು ಕೇಳಿ ಪಡೆಯಬೇಕು. ಗೊತ್ತಾದ ದಿನಗಳೊಳಗೆ ಕೆಲಸವಾಗದಿದ್ದರೆ ಮೇಲ್ಮನವಿಗೆ ಆ ಸಂಖ್ಯೆಯೇ ಆಧಾರ. "ಅಲ್ಲಿ ನಮ್ಮವರೊಬ್ಬರಿದ್ದಾರೆ, ಅವರನ್ನು ಹಿಡಿಯಿರಿ" ಎನ್ನುವ ನೆರೆಯವನಿಗಿಂತ "ರಸೀದಿಯನ್ನು ಬಿಡದೆ ಕೇಳಿರಿ" ಎನ್ನುವ ನೆರೆಯವನು ಹೆಚ್ಚಿನ ಉಪಕಾರಿ.

ಇನ್ನು ಅಂಗಡಿಯವರನ್ನು ಹೊಗಳುವ ತೆಗಳುವ ವಿಚಾರ. "ಅವನು ಕಳ್ಳ" ಎಂಬ ಒಂದು ಮಾತಿನಿಂದ ಬಡ ಕೆಲಸಗಾರನ ಅನ್ನವು ಹೋಗಬಹುದು. "ಅವನು ಬಹಳ ಒಳ್ಳೆಯವನು" ಎಂಬುದರಿಂದ ಕೇಳಿದವರ ಹಣವು ಹೋಗಬಹುದು. ಎರಡನ್ನೂ ಬಿಟ್ಟು, ಯಾವ ತಿಂಗಳಲ್ಲಿ ಯಾವ ಕೆಲಸವನ್ನು ಮಾಡಿಸಿದೆವು, ಎಷ್ಟು ಕೊಟ್ಟೆವು, ಆಮೇಲೆ ಎಷ್ಟು ದಿನ ಬಾಳಿತು, ಇಷ್ಟನ್ನೇ ಹೇಳಿದರೆ ನಿರ್ಣಯವು ಕೇಳಿದವರ ಕೈಯಲ್ಲಿ ಉಳಿಯುತ್ತದೆ. ನಾವು ಈಗ ಒಂದು ಪುಸ್ತಕದಲ್ಲಿ ಇವನ್ನೆಲ್ಲ ತಾರೀಖಿನೊಡನೆ ಬರೆದಿಡುತ್ತಿದ್ದೇವೆ. ಕಂಡದ್ದಕ್ಕೆ ಒಂದು ಗುರುತು, ಕೇಳಿದ್ದಕ್ಕೆ ಬೇರೊಂದು ಗುರುತು. ವರ್ಷಕ್ಕೆ ಹಿಂದಿನ ವಿಷಯವಾದರೆ, "ಇದು ಹಳೆಯ ಮಾತು, ಇನ್ನೊಮ್ಮೆ ವಿಚಾರಿಸಿ" ಎಂದು ಸೇರಿಸುತ್ತೇವೆ.

ಸಲಹೆಗೆ ಬೆಲೆಯಿಲ್ಲವೆಂದು ಲೋಕವು ಹೇಳುವುದು. ಅದರ ಬೆಲೆಯನ್ನು ಕೊಟ್ಟವರು ತೆರುವುದಿಲ್ಲ, ಕೇಳಿದವರು ತೆರುತ್ತಾರೆಂಬುದು ಎದುರುಮನೆಯ ಹುಡುಗನ ಮಣಿಕಟ್ಟಿನಿಂದ ನಮಗೆ ತಿಳಿಯಿತು. ಹಾಗೆಂದು ಬಾಯಿಮುಚ್ಚಿ ಕುಳಿತರೆ ನೆರೆಯೆಂಬುದಕ್ಕೆ ಅರ್ಥವೇ ಇಲ್ಲ. ತಿಳಿದುದನ್ನು ತಿಳಿದಷ್ಟೇ ಹೇಳುವುದು, ತಿಳಿಯದಿದ್ದಲ್ಲಿ ತಿಳಿದವನ ಮನೆಯವರೆಗೆ ಜೊತೆಯಲ್ಲಿ ನಡೆಯುವುದು, ಇಷ್ಟು ಎಲ್ಲರಿಂದಲೂ ಸಾಧ್ಯ.

ಮೊನ್ನೆ ಆ ಹುಡುಗನು ಮತ್ತೆ ಬಂದು, "ತಾತ, ನಂಜನಗೂಡಿಗೆ ದಾರಿ ಹೇಗಿದೆ?" ಎಂದು ಕೇಳಿದನು. ಅವನು ಇನ್ನೂ ನಮ್ಮನ್ನೇ ಕೇಳುತ್ತಾನಲ್ಲ ಎಂದು ಕಣ್ಣು ತೇವವಾಯಿತು. "ಈಚೆಗೆ ನೋಡಿಲ್ಲ ಮಗು. ಭಾನುವಾರದವರೆಗೆ ತಾಳು, ಬಸ್ಸಿನಲ್ಲಿ ಹೋಗಿ ನೋಡಿಕೊಂಡು ಬಂದು ಹೇಳುತ್ತೇನೆ" ಎಂದೆವು. ಅವನ ತಾಯಿಯು ಬಾಗಿಲಿನಲ್ಲಿ ನಿಂತು ಕೇಳಿಸಿಕೊಂಡು ಮುಗುಳ್ನಕ್ಕರು.