ಇಂಗಾಲದ ತೆರಿಗೆ: ಕಟ್ಟಿದ ದುಡ್ಡು ಮನೆಗೆ ವಾಪಸ್ ಬರುತ್ತಾ?

ಡೀಸೆಲ್ ಲೀಟರಿಗೆ ಎರಡು ರೂಪಾಯಿ ಏರಿದ್ರೆ ಕಾರಿನವನು ಬೈದು ಸುಮ್ಮನಾಗ್ತಾನೆ. ಎರಡು ಎಕರೆಯವನಿಗೆ ಉಳುಮೆ ಬಾಡಿಗೆಯಿಂದ ಹಿಡಿದು ಮಾರ್ಕೆಟ್ಟಿಗೆ ಹೋಗೋ ಟೆಂಪೋ ಬಾಡಿಗೆವರೆಗೂ ಏರುತ್ತೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಮೇಲೆ ಹಾಕುವ ಇಂಗಾಲದ ತೆರಿಗೆಯಲ್ಲೂ ಇದೇ ತೊಂದರೆ. ಹೆಚ್ಚು ದುಡ್ಡು ಕಟ್ಟೋದು ಶ್ರೀಮಂತನೇ, ಆದ್ರೆ ದುಡಿಮೆಗೆ ಹೋಲಿಸಿದರೆ ಹೊರೆ ಬಡವನಿಗೆ ಜಾಸ್ತಿ.

ಸಾವಯವ ಮಾಡೋನು ನಾನು, ಈ ತೆರಿಗೆ ಬೇಕು ಅನ್ನೋನೇ. ಆದರೆ ಮೊದಲು ಕೇಳೋದು, ಬಂದ ಹಣ ಎಲ್ಲಿಗೆ ಹೋಗುತ್ತೆ?

ಕೆನಡಾದವರು ಇದಕ್ಕೊಂದು ದಾರಿ ಮಾಡಿದ್ರು. ಸ್ವಂತ ವ್ಯವಸ್ಥೆ ಇಲ್ಲದ ಪ್ರಾಂತ್ಯಗಳಲ್ಲಿ ಕೇಂದ್ರವೇ 2019ರಲ್ಲಿ ಟನ್ನಿಗೆ 20 ಡಾಲರ್ ಹಾಕಿತು, 2024ರಲ್ಲಿ ಅದು 80 ಆಯ್ತು. ಇಂಧನದಿಂದ ಬಂದ ಹಣದಲ್ಲಿ ಸುಮಾರು ಶೇ. 90ರಷ್ಟು ಮನೆಗಳಿಗೇ ವಾಪಸ್. 2022ರಿಂದ ಮೂರು ತಿಂಗಳಿಗೊಮ್ಮೆ ನೇರ ಖಾತೆಗೆ. ಆಲ್ಬರ್ಟಾದಲ್ಲಿ ನಾಲ್ವರ ಕುಟುಂಬಕ್ಕೆ 2024-25ರಲ್ಲಿ 1,800 ಡಾಲರ್. ಆದಾಯ ಎಷ್ಟೇ ಇರಲಿ, ಮೊತ್ತ ಒಂದೇ. ಗುಟ್ಟು ಇರೋದು ಇಲ್ಲೇ: ದೊಡ್ಡ ಮನೆ, ಎರಡು ಕಾರು ಇರುವವನು ಕಟ್ಟಿದ್ದಕ್ಕಿಂತ ಕಡಿಮೆ ಪಡೆಯಬಹುದು, ಬಸ್ಸಲ್ಲಿ ಓಡಾಡುವವನಿಗೆ ಕೈಗೆ ಉಳಿಯುತ್ತೆ. ಬಸ್ಸೇ ಇಲ್ಲದ ಹಳ್ಳಿಯವರಿಗೆ ಶೇ. 10 ಹೆಚ್ಚುವರಿ, 2024ರಲ್ಲಿ ಅದನ್ನ 20ಕ್ಕೆ ಏರಿಸಿದರು.

ಹೊಲದ ಟ್ರ್ಯಾಕ್ಟರ್ ಡೀಸೆಲ್‌ಗೆ ವಿನಾಯಿತಿ ಇತ್ತು. ಆದ್ರೆ ಕಾಳು ಒಣಗಿಸುವ ಯಂತ್ರದ ಗ್ಯಾಸಿಗೆ ಇರಲಿಲ್ಲ. ರೈತರ ಸಿಟ್ಟು ಅಲ್ಲೇ ಶುರುವಾಯ್ತು. ಆಮೇಲೆ ಒಂದಿಷ್ಟು ವಾಪಸ್ ಕೊಟ್ಟರು, ಜಗಳ ಮಾತ್ರ ನಿಲ್ಲಲಿಲ್ಲ. ಖಾತೆಗೆ ಬಂದ ಹಣ ಯಾವುದಕ್ಕೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಆಗಲಿಲ್ಲ. 2024ರಲ್ಲಿ ಅದರ ಹೆಸರನ್ನೇ ಬದಲಿಸಬೇಕಾಯ್ತು. ಬಂಕಿನಲ್ಲಿ ಕೊಟ್ಟದ್ದು ಕಣ್ಣಿಗೆ ಕಾಣುತ್ತೆ, ಬ್ಯಾಂಕಿಗೆ ಬಂದದ್ದು ಕಾಣಲ್ಲ. 2025ರ ಏಪ್ರಿಲ್ 1ಕ್ಕೆ ಮನೆಬಳಕೆಯ ಇಂಧನದ ಈ ದರವನ್ನೇ ಸೊನ್ನೆ ಮಾಡಿದರು. ಅದೇ ತಿಂಗಳು ಕೊನೆಯ ಕಂತು ಬಂತು.

ನಮ್ಮಲ್ಲೂ ಇಂಥದ್ದೊಂದು ಇತ್ತು ಅಂದ್ರೆ ನಂಬ್ತೀರಾ? 2010ರಲ್ಲಿ ಕಲ್ಲಿದ್ದಲಿಗೆ ಟನ್ನಿಗೆ 50 ರೂಪಾಯಿ ಸೆಸ್ ಬಂತು, 2016ಕ್ಕೆ ಅದು 400. 2017ರಲ್ಲಿ ಜಿಎಸ್‌ಟಿ ಪರಿಹಾರದ ಸೆಸ್ ಆಗಿ ಬದಲಾಯ್ತು, ಹಣ ರಾಜ್ಯಗಳ ನಷ್ಟ ತುಂಬೋಕೆ ಹೋಯ್ತು. ಗ್ಯಾಸ್ ಸಬ್ಸಿಡಿ ಜಮಾ ಆದ್ರೆ ಅಮ್ಮನ ಫೋನಿಗೆ ಮೆಸೇಜ್ ಬರುತ್ತಿತ್ತಲ್ಲ, ಕಲ್ಲಿದ್ದಲು ಸೆಸ್ಸಿನ ಲೆಕ್ಕದಲ್ಲಿ ಅಂಥದ್ದೊಂದು ಮೆಸೇಜ್ ಯಾರ ಮನೆಗೂ ಬರಲಿಲ್ಲ.