ಹೊರಗಿಡುವಿಕೆ ಮತ್ತು ಅಪರಾಧಪ್ರಜ್ಞೆ: ರೇ ಬ್ರಾಡ್ಬರಿಯ ‘ಆಲ್ ಸಮ್ಮರ್ ಇನ್ ಎ ಡೇ’ ಕಥೆಯ ಒಂದು ಓದು

ನಾನು ಮಾತಾಡಲು ಆರಿಸಿಕೊಂಡದ್ದು ಅಮೆರಿಕದ ಲೇಖಕ ರೇ ಬ್ರಾಡ್ಬರಿ (1920–2012) ಬರೆದ ಒಂದು ವಿಜ್ಞಾನ ಕಥೆ. 1954ರಲ್ಲಿ ಪ್ರಕಟವಾದದ್ದು. ಹೆಸರು ‘ಆಲ್ ಸಮ್ಮರ್ ಇನ್ ಎ ಡೇ’, ಅಂದರೆ ಒಂದೇ ದಿನದಲ್ಲಿ ಇಡೀ ಬೇಸಿಗೆ. ಐದಾರು ಪುಟದ ಕಥೆ. ಇದಕ್ಕೂ ನಮ್ಮ ಗಡಿನಾಡಿಗೂ ನೇರ ಸಂಬಂಧವಿಲ್ಲ, ಬಲವಂತದಿಂದ ಜೋಡಿಸುವುದೂ ಬೇಡ. ಒಂದು ತರಗತಿಯೊಳಗೆ ಹೊರಗಿಡುವಿಕೆ ಹೇಗೆ ನಡೆಯುತ್ತದೆ, ಅದರ ಅಪರಾಧಪ್ರಜ್ಞೆ ಯಾವಾಗ ಹುಟ್ಟುತ್ತದೆ ಎಂಬ ಎರಡು ಪ್ರಶ್ನೆಗಳನ್ನಷ್ಟೇ ನೋಡೋಣ.

ಮೊದಲು ಕಥೆ. ಶುಕ್ರಗ್ರಹದಲ್ಲಿ ಭೂಮಿಯಿಂದ ಬಂದು ನೆಲೆಸಿದವರ ಊರು. ಅಲ್ಲಿ ಸದಾ ಮಳೆ. ಏಳು ವರ್ಷಕ್ಕೊಮ್ಮೆ ಸ್ವಲ್ಪ ಹೊತ್ತು ಮಾತ್ರ ಸೂರ್ಯ ಕಾಣುತ್ತಾನೆ. ನಮ್ಮ ಕಾಸರಗೋಡಿನ ಕಡೆಯವರಿಗೆ ಮಳೆ ಹೊಸತಲ್ಲ. ಆದರೆ ಆಟಿ ಕಳೆದು ಸೋಣ ಬಂದರೆ ಬಿಸಿಲು ಬರುತ್ತದೆ ಅನ್ನುವ ಭರವಸೆ ನಮಗೆ ಉಂಟು, ಆ ಮಕ್ಕಳಿಗೆ ಇಲ್ಲ. ಅವರಿಗೆಲ್ಲ ಒಂಬತ್ತು ವರ್ಷ. ಹಿಂದಿನ ಸಲ ಸೂರ್ಯ ಬಂದಾಗ ಎರಡು ವರ್ಷದವರು, ನೆನಪಿಲ್ಲ. ಮಾರ್ಗೋ ಎಂಬ ಹುಡುಗಿ ಮಾತ್ರ ನಾಲ್ಕನೇ ವಯಸ್ಸಿನವರೆಗೆ ಅಮೆರಿಕದ ಓಹಾಯೋದಲ್ಲಿ ಇದ್ದವಳು. ಅವಳಿಗೆ ಸೂರ್ಯ ಗೊತ್ತು. ಸೂರ್ಯ ಬರುವ ದಿನ, ಟೀಚರ್ ಕೋಣೆಯಲ್ಲಿ ಇಲ್ಲದಾಗ, ವಿಲಿಯಂ ಎಂಬ ಹುಡುಗನ ಮಾತಿಗೆ ಎಲ್ಲರೂ ಸೇರಿ ಅವಳನ್ನು ಒಂದು ಕಪಾಟು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಎರಡು ಗಂಟೆ ಬಿಸಿಲಲ್ಲಿ ಆಡುತ್ತಾರೆ. ಮಳೆ ಮರಳಿದ ಮೇಲೆ ಮಾರ್ಗೋ ನೆನಪಾಗುತ್ತಾಳೆ.

ವಿಜ್ಞಾನದ ವಿಷಯ ಬೇಗ ಹೇಳಿ ಮುಗಿಸ್ತೇನೆ. 1954ರಲ್ಲಿ ಶುಕ್ರನ ಮೋಡದ ಕೆಳಗೆ ಏನಿದೆ ಅಂತ ಯಾರಿಗೂ ಖಚಿತವಿರಲಿಲ್ಲ, ಕಾಡೂ ಮಳೆಯೂ ಇರಬಹುದು ಎಂದು ಊಹಿಸಲು ಜಾಗವಿತ್ತು. 1962ರ ಡಿಸೆಂಬರಿನಲ್ಲಿ ಮ್ಯಾರಿನರ್-2 ನೌಕೆ ಹತ್ತಿರ ಹಾದುಹೋದಾಗ ಅದು ಉರಿಯುವ ಗ್ರಹವೆಂದು ಸ್ಪಷ್ಟವಾಯಿತು. ಅಲ್ಲಿಯ ನೆಲದ ಉಷ್ಣತೆ ಸುಮಾರು 460 ಡಿಗ್ರಿ ಸೆಲ್ಸಿಯಸ್. ಅಂದರೆ ಕಥೆಯ ಶುಕ್ರ ಸುಳ್ಳಾಯಿತು, ಕಥೆಯ ತರಗತಿ ಸುಳ್ಳಾಗಲಿಲ್ಲ.

ಈಗ ಹೊರಗಿಡುವಿಕೆಯ ಪ್ರಶ್ನೆ. ಬಾಗಿಲು ಹಾಕುವುದು ಅದರ ಕೊನೆಯ ಹಂತ ಮಾತ್ರ. ಮೊದಲ ಹಂತ ನಂಬದಿರುವುದು. ಮಾರ್ಗೋ ಸೂರ್ಯನ ಬಗ್ಗೆ ಪದ್ಯ ಬರೆದರೆ ಅದು ನಿನ್ನದಲ್ಲ ಅಂತಾರೆ. ಸೂರ್ಯ ಹೇಗಿದ್ದ ಅಂತ ಹೇಳಿದರೆ ಸುಳ್ಳು, ನಿನಗೆ ನೆನಪಿಲ್ಲ ಅಂತಾರೆ. ಎರಡನೆಯ ಹಂತ ಅವಳ ಸಂಕಟವನ್ನೇ ವಿಚಿತ್ರವೆಂದು ಎಣಿಸುವುದು. ಶಾಲೆಯ ಸ್ನಾನದ ಕೋಣೆಯಲ್ಲಿ ನೀರು ತಲೆಗೆ ತಾಗಬಾರದೆಂದು ಅವಳು ಚೀರಿದ ಮೇಲೆ ಅವಳು ‘ಬೇರೆ’ ಆಗುತ್ತಾಳೆ. ಮೂರನೆಯದು ಅಸೂಯೆ. ಅವಳ ತಂದೆತಾಯಿ ಅವಳನ್ನು ಮರಳಿ ಭೂಮಿಗೆ ಕರೆದೊಯ್ಯಬಹುದು ಎಂಬ ಸುದ್ದಿ ಉಂಟು. ಬಾಗಿಲ ಚಿಲಕ ಬೀಳುವ ಹೊತ್ತಿಗೆ ಈ ಮೂರೂ ಆಗಿಹೋಗಿವೆ.

ನನ್ನ ದೃಷ್ಟಿಯಲ್ಲಿ ಮೊದಲನೆಯದೇ ಮುಖ್ಯ. ಅವಳಲ್ಲಿ ಇದ್ದದ್ದು ನೆನಪು ಒಂದೇ. ತಮ್ಮಲ್ಲಿ ಇಲ್ಲದ ನೆನಪು ಇನ್ನೊಬ್ಬರಲ್ಲಿ ಇದ್ದರೆ ಅದನ್ನು ಒಪ್ಪುವುದಕ್ಕಿಂತ ಸುಳ್ಳು ಅನ್ನುವುದು ಗುಂಪಿಗೆ ಸುಲಭ.

ಇಲ್ಲಿ ಒಂದು ಸಣ್ಣ ವಿವರವನ್ನು ಗಮನಿಸಬೇಕು. ಟೀಚರ್ ಒಳಗೆ ಬಂದು, ಎಲ್ಲರೂ ಇದ್ದೀರಾ ಅಂತ ಕೇಳುತ್ತಾರೆ. ಮಕ್ಕಳು ಹೌದು ಅಂತಾರೆ. ಟೀಚರ್ ತಲೆ ಎಣಿಸುವುದಿಲ್ಲ. ಮಕ್ಕಳ ಆ ಉತ್ತರ ಸುಳ್ಳೇ, ಆದರೆ ಬೇರೊಂದು ಅರ್ಥದಲ್ಲಿ ನಿಜ ಕೂಡ: ಅವರ ‘ಎಲ್ಲರೂ’ ಎಂಬ ಪದದೊಳಗೆ ಮಾರ್ಗೋ ಮೊದಲೇ ಇರಲಿಲ್ಲ. ಹೊರಗಿಡುವವರು ಮಕ್ಕಳಾದರೂ ಅದನ್ನು ಪೂರ್ತಿ ಮಾಡಿಕೊಟ್ಟದ್ದು ಲೆಕ್ಕ ತೆಗೆಯದ ದೊಡ್ಡವರು.

ಇನ್ನು ಅಪರಾಧಪ್ರಜ್ಞೆ. ಬಾಗಿಲ ಹಿಂದಿನಿಂದ ಅಳು, ಬಡಿತ ಕೇಳುವಾಗ ಮಕ್ಕಳು ನಗುತ್ತಾರೆ. ಆಗ ಅವರಿಗೆ ತಪ್ಪು ಅನ್ನಿಸುವುದಿಲ್ಲ. ಕಾರಣ ಸರಳ: ತಾವು ಏನನ್ನು ಕಿತ್ತುಕೊಂಡೆವು ಅಂತ ಅವರಿಗೆ ಗೊತ್ತಿಲ್ಲ. ಸೂರ್ಯ ಅವರಿಗೆ ಆಗ ಒಂದು ಪಾಠ ಮಾತ್ರ. ಬಿಸಿಲು ಮೈಗೆ ತಾಗಿದ ಮೇಲೆ, ಮತ್ತೆ ಮಳೆಯ ಮೊದಲ ಹನಿ ಒಬ್ಬಳ ಅಂಗೈಗೆ ಬಿದ್ದ ಮೇಲೆ, ಕಳೆದುಕೊಂಡದ್ದು ಎಷ್ಟು ದೊಡ್ಡದು ಅಂತ ತಿಳಿಯುತ್ತದೆ. ಆ ಅಳತೆ ಸಿಕ್ಕಿದ ಕ್ಷಣದಲ್ಲೇ ಮಾರ್ಗೋ ನೆನಪಾಗುತ್ತಾಳೆ. ಅವಳು ಹೇಳಿದ್ದು ನಿಜ ಎಂಬುದಕ್ಕೆ ಈಗ ಅವರ ಮೈಯೇ ಸಾಕ್ಷಿ. ಅವರು ಪರಸ್ಪರ ಮುಖ ನೋಡಲಾರರು, ತಲೆ ತಗ್ಗಿಸಿ ತಮ್ಮ ಕೈಕಾಲು ನೋಡುತ್ತಾರೆ.

ಕನ್ನಡದಲ್ಲಿ ಪಶ್ಚಾತ್ತಾಪ ಅನ್ನುತ್ತೇವಲ್ಲ, ಬಿಡಿಸಿದರೆ ‘ಆಮೇಲಿನ ತಾಪ’. ಈ ಕಥೆಗೆ ಆ ಪದ ಅಕ್ಷರಶಃ ಹೊಂದುತ್ತದೆ. ಬಿಸಿಲು ಹೋದ ಮೇಲೆ ಉಳಿಯುವ ಸುಡು ಅದು. ನೋಯಿಸುವಾಗ ಇಲ್ಲದೆ, ನೋವಿನ ಅಳತೆ ತಮಗೇ ತಿಳಿದ ಮೇಲೆ ಹುಟ್ಟುವಂಥದ್ದು.

ಹಾಗಾದರೆ ಕ್ಷಮೆ? ಕಥೆ ಅದನ್ನು ಕೊಡುವುದಿಲ್ಲ. ಮಕ್ಕಳು ನಿಧಾನವಾಗಿ ನಡೆದು ಬಾಗಿಲು ತೆಗೆಯುತ್ತಾರೆ, ಅಲ್ಲಿಗೆ ಕಥೆ ಮುಗಿಯುತ್ತದೆ. ಮಾರ್ಗೋ ಏನು ಹೇಳಿದಳು, ಅವಳ ಮುಖ ಹೇಗಿತ್ತು, ಏನೂ ಇಲ್ಲ. 1982ರಲ್ಲಿ ಅಮೆರಿಕದ ಟಿವಿಗೆ ಮಾಡಿದ ಕಿರುಚಿತ್ರದಲ್ಲಿ ಮಕ್ಕಳು ತಾವು ಕೊಯ್ದ ಹೂಗಳನ್ನು ಅವಳಿಗೆ ಕೊಡುತ್ತಾರೆ. ನೋಡುವವರಿಗೆ ಸಮಾಧಾನ ಆಗುತ್ತದೆ, ಒಪ್ಪುತ್ತೇನೆ. ಆದರೆ ಮೂಲ ಕಥೆ ಹೆಚ್ಚು ಪ್ರಾಮಾಣಿಕ ಅಂತ ನನ್ನ ವಾದ. ಇನ್ನೊಮ್ಮೆ ಸೂರ್ಯ ಬರುವಾಗ ಅವರಿಗೆ ಹದಿನಾರು ವರ್ಷ. ಹೂವು ಕೊಟ್ಟರೆ ಆ ಏಳು ವರ್ಷ ಮರಳುವುದಿಲ್ಲ. ತಪ್ಪು ಅರಿವಾಗುವುದು ಬೇರೆ, ತಪ್ಪು ಸರಿಯಾಗುವುದು ಬೇರೆ. ಬ್ರಾಡ್ಬರಿ ಎರಡನ್ನೂ ಬೆರೆಸುವುದಿಲ್ಲ.

ಈ ಸೆಮಿನಾರಿನಲ್ಲಿ ಹಲವರು ಅಧ್ಯಾಪಕರು, ಇನ್ನು ಕೆಲವರು ಅಧ್ಯಾಪಕರಾಗಲಿರುವವರು. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ತುಳು, ಮಲಯಾಳಂ, ಮರಾಠಿ, ತೆಲುಗು, ತಮಿಳು ಮಾತಾಡುವ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಪ್ರತಿ ಮಗುವೂ ಬೇರೆಯವರಿಗೆ ಗೊತ್ತಿಲ್ಲದ ಯಾವುದೋ ಒಂದನ್ನು ನೆನಪಿಟ್ಟುಕೊಂಡೇ ಬಂದಿರುತ್ತದೆ. ಎಲ್ಲರೂ ಇದ್ದೀರಾ ಅಂತ ಕೇಳಿದಾಗ ಹೌದು ಎಂಬ ಉತ್ತರ ಸಿಗುವುದು ಸುಲಭ. ಆ ಉತ್ತರ ಬಂದ ಮೇಲೂ ಒಂದು ಸಲ ತಲೆ ಎಣಿಸಬೇಕು. ಬಾಗಿಲು ಹಾಕಿದ್ದು ಅದರಿಂದಲಾದರೂ ಗೊತ್ತಾಗುತ್ತಿತ್ತು, ಅದೂ ಬಿಸಿಲು ಬರುವ ಮೊದಲು.

ಇಷ್ಟು ಹೇಳಿ ಮುಗಿಸ್ತೇನೆ. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.