ಚಳಿಗಾಲದ ಮಂಕಿಗೆ ಬೆಳಕಿನ ಮದ್ದು

ನಾರ್ವೆಯ ರ್‍ಯುಕಾನ್ ಎಂಬ ಊರಿಗೆ ಸೆಪ್ಟೆಂಬರ್ ಕೊನೆಯಲ್ಲಿ ಬೆನ್ನು ಹಾಕಿದ ಸೂರ್ಯ ಮತ್ತೆ ಮುಖ ತೋರಿಸುವುದು ಮಾರ್ಚ್ ನಡುವಿಗೆ. ಹಗಲೇ ಆಗುವುದಿಲ್ಲ ಎಂದೇನಲ್ಲ. ಆಕಾಶ ನೀಲಿಯಾಗಿಯೇ ಇರುತ್ತದೆ, ಬೆಟ್ಟದ ನೆತ್ತಿಯ ಮೇಲೆ ಬಿಸಿಲು ಬಿದ್ದಿರುವುದೂ ಕಾಣುತ್ತದೆ. ಆದರೆ ಆ ಬಿಸಿಲು ಕಡಿದಾದ ಕಣಿವೆಯ ತಳಕ್ಕೆ ಇಳಿಯುವುದಿಲ್ಲ. ಇಲ್ಲಿನ ಜಲಪಾತದ ವಿದ್ಯುತ್ ನೆಚ್ಚಿಕೊಂಡು ಗೊಬ್ಬರದ ಕಾರ್ಖಾನೆ ತೆರೆದ ಉದ್ಯಮಿ ಸ್ಯಾಮ್ ಐಡೆ, ಕಾರ್ಮಿಕರಿಗಾಗಿ ಊರನ್ನೇ ಕಟ್ಟಿಸಿದ. ಎಲ್ಲವನ್ನೂ ತರಿಸಿಕೊಟ್ಟವನಿಗೆ ಬಿಸಿಲು ಮಾತ್ರ ತರಿಸಲಾಗಲಿಲ್ಲ. ಬೆಟ್ಟದ ಮೇಲೆ ಕನ್ನಡಿ ಇಟ್ಟು ಊರಿಗೆ ಬೆಳಕು ಬೀಳಿಸೋಣ ಎಂಬ ಮಾತು 1913ರಲ್ಲೇ ಎದ್ದಿತ್ತು; ಅದಕ್ಕೆ ಬೇಕಾದ ತಂತ್ರಜ್ಞಾನ ಆಗ ಇರಲಿಲ್ಲ. 1928ರಲ್ಲಿ ಆ ಕಾರ್ಖಾನೆಯ ಕಂಪನಿ ಇನ್ನೊಂದು ದಾರಿ ಹಿಡಿಯಿತು: ಊರವರು ಮೇಲಕ್ಕೆ ಹೋಗಿ ಬಿಸಿಲು ಕಾಯಿಸಿಕೊಂಡು ಬರಲೆಂದು ರೋಪ್‌ವೇ ಹಾಕಿಸಿತು.

ಕನ್ನಡಿ ಬಂದದ್ದು ನೂರು ವರ್ಷಗಳ ಮೇಲೆ. ಮಾರ್ಟಿನ್ ಆಂಡರ್ಸನ್ ಎಂಬ ಕಲಾವಿದ ಹಳೆಯ ಕನಸಿನ ಬೆನ್ನು ಹತ್ತಿದರು. ದುಡ್ಡು ದಂಡ ಎಂದು ತಕರಾರು ತೆಗೆದವರಿಗೂ ಕಡಿಮೆಯಿರಲಿಲ್ಲ. ಕೊನೆಗೆ 2013ರ ಅಕ್ಟೋಬರ್‌ನಲ್ಲಿ, ಊರ ಚೌಕದಿಂದ 450 ಮೀಟರ್ ಎತ್ತರದಲ್ಲಿ ತಲಾ 17 ಚದರ ಮೀಟರ್‌ನ ಮೂರು ಕನ್ನಡಿಗಳು ನಿಂತವು. ಕಂಪ್ಯೂಟರ್ ಹೇಳಿದಂತೆ ಸೂರ್ಯನ ಜೊತೆ ತಿರುಗುತ್ತಾ, ಚೌಕದ ಸುಮಾರು 600 ಚದರ ಮೀಟರ್ ಜಾಗಕ್ಕೆ ಬಿಸಿಲು ಬೀಳಿಸುತ್ತವೆ. ಉದ್ಘಾಟನೆಯ ದಿನ ಜನ ಕಪ್ಪು ಕನ್ನಡಕ ಹಾಕಿಕೊಂಡು, ಸಮುದ್ರದ ದಂಡೆಯಲ್ಲಿ ಹಾಕುವಂಥ ಆರಾಮ ಕುರ್ಚಿಗಳಲ್ಲಿ ಒರಗಿ ಕೂತಿದ್ದರು.

ಒಂದು ಹಿಡಿ ಬಿಸಿಲಿಗಾಗಿ ಇಷ್ಟೆಲ್ಲ ಯಾಕೆ?

ಉತ್ತರವಿರುವುದು ಅಮೆರಿಕದ ಒಂದು ಪ್ರಯೋಗಾಲಯದಲ್ಲಿ. ಮನೋವೈದ್ಯ ನಾರ್ಮನ್ ರೋಸೆಂತಾಲ್ 1976ರಲ್ಲಿ ದಕ್ಷಿಣ ಆಫ್ರಿಕಾದಿಂದ ನ್ಯೂಯಾರ್ಕಿಗೆ ಹೋದವರು. ಚಳಿಗಾಲ ಬಂತೆಂದರೆ ಹಿಡಿದ ಕೆಲಸ ಸಾಗುವುದಿಲ್ಲ, ವಸಂತ ಬಂದೊಡನೆ ಮತ್ತೆ ಚುರುಕು. ತಮ್ಮಲ್ಲೇ ಇದನ್ನು ಗಮನಿಸಿದ್ದ ಅವರಿಗೆ, ಮುಂದೆ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಸೇರಿದಾಗ ಹರ್ಬರ್ಟ್ ಕರ್ನ್ ಎಂಬವರ ಪರಿಚಯವಾಯಿತು. ಕರ್ನ್ ತಮ್ಮ ಮನಸ್ಸಿನ ಏರಿಳಿತವನ್ನು ವರ್ಷಗಟ್ಟಲೆ ಪುಸ್ತಕದಲ್ಲಿ ಬರೆದಿಟ್ಟಿದ್ದ ವಿಜ್ಞಾನಿ. ಪ್ರತಿ ಚಳಿಗಾಲವೂ ಇಳಿಮುಖ! ಇದೇ ಹೊತ್ತಿಗೆ ಆಲ್ಫ್ರೆಡ್ ಲೂಯಿ ಎಂಬ ವೈದ್ಯರು, ಪ್ರಖರ ಬೆಳಕು ಮನುಷ್ಯರಲ್ಲಿ ಮೆಲಟೋನಿನ್ ಎಂಬ ರಾತ್ರಿಯ ಹಾರ್ಮೋನನ್ನು ತಗ್ಗಿಸುತ್ತದೆ ಎಂದು 1980ರಲ್ಲಿ ತೋರಿಸಿದ್ದರು. ಹಾಗಾದರೆ ಕರ್ನ್ ಅವರ ಹಗಲನ್ನೇ ದೀಪದಿಂದ ಉದ್ದ ಮಾಡಿದರೆ? ಮಾಡಿ ನೋಡಿದರು, ಕೆಲವೇ ದಿನಗಳಲ್ಲಿ ಕರ್ನ್ ಚೇತರಿಸಿಕೊಂಡರು. 1984ರಲ್ಲಿ ರೋಸೆಂತಾಲ್ ಮತ್ತು ಸಂಗಡಿಗರು ಈ ‘ಋತುಮಾನದ ಖಿನ್ನತೆ’ಯನ್ನು ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದರು.

ಇದರ ಲಕ್ಷಣಗಳು ಸಾಮಾನ್ಯ ಖಿನ್ನತೆಗೆ ಕೊಂಚ ತಿರುಗುಮುರುಗು. ಅಲ್ಲಿ ಬಹಳ ಮಂದಿಗೆ ನಿದ್ದೆ ಬಾರದು, ಊಟ ಸೇರದು. ಇಲ್ಲಿ ಎಷ್ಟು ಮಲಗಿದರೂ ಸಾಲದು. ಬ್ರೆಡ್ಡು, ಅನ್ನ, ಸಿಹಿತಿಂಡಿಯ ಮೇಲೆ ಎಲ್ಲಿಲ್ಲದ ಆಸೆ, ತೂಕ ಏರಿಕೆ, ಯಾರನ್ನೂ ನೋಡುವುದೇ ಬೇಡ ಎನಿಸುವ ಜಡ್ಡು.

ಬೆಂಗಳೂರಿನಲ್ಲಿ ವರ್ಷದ ಅತಿ ಸಣ್ಣ ಹಗಲೂ ಹನ್ನೊಂದು ಗಂಟೆಗಿಂತ ಹೆಚ್ಚಿರುತ್ತದೆ. ಹಾಗಾಗಿ ಡಿಸೆಂಬರ್‌ನ ಮುಂಜಾನೆ ಹೊದಿಕೆ ಬಿಟ್ಟೇಳಲು ಮನಸ್ಸಾಗದ ಬೆಂಗಳೂರಿಗರು ಸೂರ್ಯನನ್ನು ದೂರುವಂತಿಲ್ಲ. ಲಂಡನ್ನಿನಲ್ಲೋ, ಎಡಿನ್‌ಬರೋದಲ್ಲೋ ನೆಲೆಸಿದ ಕನ್ನಡಿಗರ ಕಥೆ ಬೇರೆ. ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹೆಚ್ಚುಕಡಿಮೆ ದೀಪಾವಳಿಯ ಆಸುಪಾಸಿನಲ್ಲೇ ಸಂಜೆ ಎಂಬುದು ಮಾಯ. ಡಿಸೆಂಬರ್ 21ರಂದು ಲಂಡನ್ನಿನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟರ ಮೇಲೆ, ಮುಳುಗುವುದು ಮಧ್ಯಾಹ್ನ ನಾಲ್ಕರೊಳಗೆ. ಕತ್ತಲಲ್ಲಿ ಮನೆ ಬಿಟ್ಟು ಕತ್ತಲಲ್ಲೇ ಮನೆ ಸೇರುವವರಿಗೆ ಬಿಸಿಲಿನ ದರ್ಶನ ವಾರಾಂತ್ಯಕ್ಕೇ ಮೀಸಲು. ಊರಿನಿಂದ ಫೋನು ಮಾಡಿದ ಅಮ್ಮ ‘ದನಿ ಯಾಕೋ ಸಪ್ಪಗಿದೆಯಲ್ಲೋ’ ಎಂದರೆ, ಮಗ ಬರೀ ಚಳಿಯ ಮೇಲೆ ಹಾಕುತ್ತಾನೆ. ನಿಜವಾದ ಆರೋಪಿ ಚಳಿಯಲ್ಲ, ಬೆಳಕಿನ ಬರ.

ಬರಕ್ಕೆ ಪರಿಹಾರ ಅಂಗಳದಲ್ಲೇ ಇದೆ. ದೀಪ ಹಾಕಿದ ಮನೆಯೊಳಗೆ ಬೆಳಕಿನ ಅಳತೆ ಕೆಲವು ನೂರು ಲಕ್ಸ್ ದಾಟುವುದಿಲ್ಲ. ಮೋಡ ಮುಚ್ಚಿದ ದಿನವೂ ಬಯಲಿನಲ್ಲಿ ಅದು ಸಾವಿರಗಳ ಲೆಕ್ಕದಲ್ಲಿರುತ್ತದೆ. ಕಣ್ಣಿಗೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯದಿದ್ದರೂ ಮಿದುಳಿನ ಗಡಿಯಾರಕ್ಕೆ ತಿಳಿಯುತ್ತದೆ. ಆದ್ದರಿಂದ ಬೆಳಗಾದೊಡನೆ ಅರ್ಧ ಗಂಟೆ ನಡಿಗೆ, ಕಚೇರಿಯ ಊಟದ ಬಿಡುವಿನಲ್ಲಿ ಇನ್ನೊಂದು ಸುತ್ತು, ಕಿಟಕಿ ಪಕ್ಕದ ಮೇಜು: ಇಷ್ಟು ಮೊದಲ ಮದ್ದು, ಬಿಟ್ಟಿ ಮದ್ದು. ನಡಿಗೆಯ ಲಾಭ ಬೇರೆ ಸೇರುತ್ತದೆ.

ಅದು ಸಾಲದವರಿಗೆ 10,000 ಲಕ್ಸ್‌ನ ದೀಪದ ಪೆಟ್ಟಿಗೆಗಳಿವೆ. ಎದ್ದ ಸ್ವಲ್ಪ ಹೊತ್ತಿಗೆ, ಒಂದೂವರೆ ಅಡಿಯಿಂದ ಎರಡು ಅಡಿ ದೂರದಲ್ಲಿ ತುಸು ಓರೆಯಾಗಿಟ್ಟು, ಕಾಫಿ ಕುಡಿಯುತ್ತಲೋ ಪೇಪರ್ ಓದುತ್ತಲೋ ಅರ್ಧ ಗಂಟೆ ಕೂತರಾಯಿತು. ಕಣ್ಣು ತೆರೆದಿರಬೇಕು, ದೀಪವನ್ನೇ ದಿಟ್ಟಿಸಬಾರದು. ರಾತ್ರಿ ಹೊತ್ತು ಹಚ್ಚಿದರೆ ಇದ್ದ ನಿದ್ದೆಯೂ ಹೋದೀತು. ಇದು ಪೊಳ್ಳು ಮಾರಾಟವಲ್ಲ: 2006ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ 96 ರೋಗಿಗಳ ಪೈಕಿ ಅರ್ಧ ಮಂದಿಗೆ ದೀಪ, ಉಳಿದರ್ಧಕ್ಕೆ ಖಿನ್ನತೆಯ ಮಾತ್ರೆ ಕೊಟ್ಟು ಎಂಟು ವಾರ ನೋಡಿದಾಗ, ಎರಡೂ ಗುಂಪಿನಲ್ಲಿ ಶೇ 67ರಷ್ಟು ಮಂದಿ ಸುಧಾರಿಸಿದ್ದರು. ಸ್ವೀಡನ್ನಿನ ಉಮಿಯೊ ನಗರವಂತೂ 2012ರಲ್ಲಿ ಬಸ್ ಕಾಯುವ ತಂಗುದಾಣಗಳಲ್ಲೇ ಇಂಥ ದೀಪ ಹಾಕಿಸಿತ್ತು. ಮಧುಮೇಹದಿಂದ ಕಣ್ಣಿನ ಅಕ್ಷಿಪಟ ಕೆಟ್ಟವರು, ಬೈಪೋಲಾರ್ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ಖಿನ್ನತೆಗೆ ಮದ್ದೆಂದು ವಿಟಮಿನ್ ಡಿ ಬಗ್ಗೆ ಇರುವ ನಂಬಿಕೆ ಅದರ ಯೋಗ್ಯತೆಗಿಂತ ದೊಡ್ಡದು. ಹದಿನೆಂಟು ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಮೇಲೆ ವರ್ಷಗಟ್ಟಲೆ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಖಿನ್ನತೆಯನ್ನು ತಡೆಯಲಿಲ್ಲ. ಹಾಗೆಂದು ಬಿಟ್ಟುಬಿಡುವಂತೆಯೂ ಇಲ್ಲ. ಮೂಳೆಗೆ ಅದು ಬೇಕೇ ಬೇಕು, ಅದನ್ನು ತಯಾರಿಸಿಕೊಳ್ಳಲು ಕಪ್ಪು ಚರ್ಮದವರಿಗೆ ಉತ್ತರದ ದೇಶಗಳ ಬಿಸಿಲು ಸಾಲದು. ದಕ್ಷಿಣ ಏಷ್ಯಾದವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುವುದನ್ನು ಪರಿಗಣಿಸಲಿ ಎಂದು ಬ್ರಿಟನ್ನಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ಇನ್ನು ‘ನೈಸರ್ಗಿಕ’ ಎಂಬ ಚೀಟಿ ಅಂಟಿಸಿಕೊಂಡು ಖಿನ್ನತೆಗೆಂದು ಅಂಗಡಿಯಲ್ಲಿ ಸಿಗುವ ಸೇಂಟ್ ಜಾನ್ಸ್ ವರ್ಟ್ ಗಿಡಮೂಲಿಕೆ ಸಾಧುವೇನಲ್ಲ. ಗರ್ಭನಿರೋಧಕ ಮಾತ್ರೆಯ ಬಲವನ್ನು ಅದು ಕುಗ್ಗಿಸುತ್ತದೆ. ಖಿನ್ನತೆಯ ಮಾತ್ರೆಗಳ ಜೊತೆ ಸೇರಿದರೆ ಅಪಾಯ.

ಬೆಳಕೇ ಇಲ್ಲದ ಕಡೆ ಏನು ಗತಿ? ನಾರ್ವೆಯ ಟ್ರೋಮ್ಸೋದಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನ ತನಕ ಸೂರ್ಯ ದಿಗಂತ ದಾಟಿ ಮೇಲೇರುವುದೇ ಇಲ್ಲ. ಅಲ್ಲಿ ವಾಸವಿದ್ದು ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಕಾರಿ ಲೈಬೋವಿಟ್ಸ್, ಚಳಿಗಾಲವನ್ನು ಸವಿಯಬಹುದಾದ ಕಾಲವೆಂದು ಬಗೆದವರೇ ಹೆಚ್ಚು ನೆಮ್ಮದಿಯಾಗಿರುವುದನ್ನು ಕಂಡರು. ನೆಮ್ಮದಿ ಇದ್ದವರಿಗೇ ಹಾಗೆ ಅನ್ನಿಸುತ್ತದೇನೋ ಎಂಬ ಅನುಮಾನ ಉಳಿಯುತ್ತದೆ, ನಿಜ. ಆದರೆ ಅಲ್ಲಿನವರು ಬಾಗಿಲು ಹಾಕಿಕೊಂಡು ಕೂರುವುದಿಲ್ಲ. ದೀಪ ಹಾಕಿದ ಹಾದಿಗಳಲ್ಲಿ ಸ್ಕೀ ಮಾಡುತ್ತಾರೆ, ಮೇಣದಬತ್ತಿ ಹಚ್ಚಿ ನೆಂಟರಿಷ್ಟರನ್ನು ಕರೆಯುತ್ತಾರೆ, ಸೂರ್ಯ ಮರಳುವ ದಿನ ಜಾಮ್ ತುಂಬಿದ ಬನ್ನು ತಿಂದು ಸಂಭ್ರಮಿಸುತ್ತಾರೆ. ವಿದೇಶದ ಕನ್ನಡ ಕೂಟಗಳು ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚುವುದನ್ನೂ ಇದೇ ಸಾಲಿಗೆ ಸೇರಿಸಬಹುದು. ಮನೆಯಲ್ಲೇ ಕೂರಬೇಕೆನಿಸುವ ದಿನವೇ ಹೋಗಿಬರಬೇಕಾದ ಜಾಗವದು.

ನಡಿಗೆ, ದೀಪ, ಒಡನಾಟ ಎಲ್ಲ ಆಗಿಯೂ ಎರಡು ವಾರ ಮಂಕು ಕದಲದಿದ್ದರೆ, ಇಲ್ಲವೇ ಯಾವಾಗಲಾದರೂ ಬದುಕೇ ಬೇಡ ಎನಿಸಿದರೆ, ವಸಂತದ ದಾರಿ ಕಾಯಬೇಡಿ; ವೈದ್ಯರನ್ನು ಕಾಣಿ. ಭಾರತದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬ್ರಿಟನ್ನಿನಲ್ಲಿರುವವರಿಗೆ ಸಮಾರಿಟನ್ಸ್ ಸಂಸ್ಥೆಯ 116 123 ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ.